ಕೋಷ್ಟಕಗಳಿಗೆ ಗಣಿತ ತಂದ ಎಡ್ಗರ್ ಕಾಡ್

ಮಕ್ಕಳೇ, ನಿಮ್ಮ ಶಾಲೆಯ ಕಚೇರಿಯಲ್ಲಿ ದಾಖಲಾತಿ ಪುಸ್ತಕವೊಂದಿದೆ. ನೀವು ಒಂದನೇ ತರಗತಿಗೆ ಸೇರಿದ ದಿನ ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕ ಬರೆದು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೂ ಆ ಸಂಖ್ಯೆ ಒಬ್ಬನಿಗೇ ಸೇರಿದ್ದು. ಇಷ್ಟು ಸರಳವಾದ ಸಂಗತಿಯ ಮೇಲೆ ಗಣಿತವನ್ನು ಕಟ್ಟಿ, ಜಗತ್ತಿನ ಲೆಕ್ಕಪತ್ರಗಳ ರೀತಿಯನ್ನೇ ಬದಲಿಸಿದವರು ಎಡ್ಗರ್ ಫ್ರಾಂಕ್ ಕಾಡ್.

ಕಾಡ್ ಹುಟ್ಟಿದ್ದು 1923ರ ಆಗಸ್ಟ್ 19ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲ್ಯಾಂಡ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ವಿಮಾನ ಚಾಲಕರಾಗಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ 1949ರಲ್ಲಿ ಐಬಿಎಂ ಕಂಪನಿ ಸೇರಿದರು. ಆಗ ಅಲ್ಲಿ ಸೆನೆಟರ್ ಮೆಕಾರ್ಥಿ ಅನೇಕರನ್ನು ದೇಶದ್ರೋಹಿಗಳೆಂದು ಶಂಕಿಸಿ ಕಾಡುತ್ತಿದ್ದ ಕಾಲ. ಅದನ್ನು ಸಹಿಸದೆ ಕಾಡ್ 1953ರಲ್ಲಿ ಕೆನಡಾಕ್ಕೆ ಹೊರಟುಹೋದರು. ಐಬಿಎಂಗೆ ಮರಳಿದ್ದು 1957ರಲ್ಲಿ. ಆಮೇಲೆ ಮತ್ತೆ ವಿದ್ಯಾರ್ಥಿಯಾಗಿ ಮಿಷಿಗನ್ ವಿಶ್ವವಿದ್ಯಾಲಯದಿಂದ 1965ರಲ್ಲಿ ಡಾಕ್ಟರೇಟ್ ಪಡೆದರು. ನಲವತ್ತು ದಾಟಿದ ಮೇಲೆ ಪಡೆದ ಪದವಿ! ನನ್ನ ವಯಸ್ಸಿನವರಿಗೆ ಇದು ಬಹಳ ಇಷ್ಟವಾಗುವ ಸಂಗತಿ.

ಆ ಕಾಲದ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಹೇಗೆ ಇಡುತ್ತಿದ್ದರು ಗೊತ್ತೆ? ಮರದ ಕೊಂಬೆ ರೆಂಬೆಗಳಂತೆ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಇಡುತ್ತಿದ್ದರು. ಬೇಕಾದದ್ದು ಸಿಗಬೇಕಾದರೆ ಪ್ರೋಗ್ರಾಮಿಗೆ ದಾರಿ ಗೊತ್ತಿರಬೇಕು. ನಿಮ್ಮ ಗ್ರಂಥಾಲಯವನ್ನೇ ತೆಗೆದುಕೊಳ್ಳಿ. ಮೂರನೇ ಬೀರು, ಎರಡನೇ ಸಾಲು, ಎಡದಿಂದ ಐದನೇ ಪುಸ್ತಕ ತಾ ಎಂದು ಗೆಳೆಯನನ್ನು ಕಳಿಸುತ್ತೀರಿ. ಹಿಂದಿನ ದಿನವೇ ಯಾರೋ ಬೀರುವಿನ ಜಾಗ ಬದಲಿಸಿದ್ದರೆ? ಬೇರೆ ಪುಸ್ತಕ ಬರುತ್ತದೆ, ಇಲ್ಲವೆ ಬರಿಗೈ. ಕಂಪನಿಗಳಲ್ಲೂ ಹೀಗೇ ಆಗುತ್ತಿತ್ತು. ಜೋಡಣೆ ಸ್ವಲ್ಪ ಬದಲಾದರೂ ಪ್ರೋಗ್ರಾಮುಗಳನ್ನು ತಿದ್ದಿ ಬರೆಯಬೇಕಾಗುತ್ತಿತ್ತು.

ಸ್ಯಾನ್ ಹೋಸೆಯ ಸಂಶೋಧನಾಲಯದಲ್ಲಿದ್ದ ಕಾಡ್ ಅವರು 1970ರ ಜೂನ್‌ನಲ್ಲಿ ಹನ್ನೊಂದು ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಸಾಲು-ಕಂಬಗಳ ಕೋಷ್ಟಕಗಳಲ್ಲಿ ನೋಡೋಣ. ಒಂದು ಕೋಷ್ಟಕವನ್ನು ಇನ್ನೊಂದರ ಜೊತೆ ಸೇರಿಸಲು ದಾಖಲಾತಿ ಸಂಖ್ಯೆಯಂಥ ಗುರುತು ಸಾಕು. ಕೇಳುವವನು ಏನು ಬೇಕೆಂದು ಹೇಳಿದರೆ ಮುಗಿಯಿತು, ಎಲ್ಲಿದೆ ಎಂದು ಹುಡುಕುವುದು ಯಂತ್ರದ ಕೆಲಸ. ಇದು ಅವರ ವಾದ. ಇದರ ಬುನಾದಿ ನೀವು ಮುಂದೆ ಕಲಿಯಲಿರುವ ಗಣಗಳು ಮತ್ತು ಸಂಬಂಧಗಳ ಗಣಿತ.

ಅವರದೇ ಕಂಪನಿಗೆ ಇದು ರುಚಿಸಲಿಲ್ಲ. ಐಬಿಎಂ ಮಾರುತ್ತಿದ್ದುದು ಕೊಂಬೆ-ರೆಂಬೆಯ ಹಳೆಯ ಪದ್ಧತಿಯನ್ನೇ, ವ್ಯಾಪಾರವೂ ಚೆನ್ನಾಗಿತ್ತು. ಕೋಷ್ಟಕ ಹುಡುಕುವ ಯಂತ್ರ ನಿಧಾನವಾದೀತು ಎಂಬ ಆಕ್ಷೇಪವೂ ಇತ್ತು. ಅದು ಸುಳ್ಳು ಆಕ್ಷೇಪವೇನಲ್ಲ, ಅಂದಿನ ಯಂತ್ರಗಳ ಶಕ್ತಿ ಅಷ್ಟೇ ಇತ್ತು. 1974ರಲ್ಲಿ ಹಳೆಯ ಪದ್ಧತಿಯ ದಿಗ್ಗಜ ಚಾರ್ಲ್ಸ್ ಬ್ಯಾಕ್‌ಮನ್ ಅವರೊಡನೆ ಕಾಡ್ ಸಭೆಯಲ್ಲಿ ಮುಖಾಮುಖಿ ವಾದಿಸಿದರು. ಕೊನೆಗೆ ಐಬಿಎಂ ಪ್ರಯೋಗಕ್ಕೆ ಒಪ್ಪಿತು. ಅಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಪ್ರಶ್ನೆ ಕೇಳುವ ಭಾಷೆಯೇ ಮುಂದೆ ಎಸ್‌ಕ್ಯುಎಲ್ ಆಯಿತು. ಕಾಡ್ ತಾವೇ ಬೇರೊಂದು ಭಾಷೆ ಯೋಚಿಸಿದ್ದರು. ಅದನ್ನು ಯಾರೂ ಬಳಸಲಿಲ್ಲ. ಐಬಿಎಂ ಪ್ರಯೋಗ ಮಾಡುತ್ತಿರುವಾಗಲೇ, ಪ್ರಕಟವಾದ ಲೇಖನಗಳನ್ನು ಓದಿಕೊಂಡ ಚಿಕ್ಕ ಕಂಪನಿಯೊಂದು 1979ರಲ್ಲಿ ಒರಾಕಲ್ ತಂತ್ರಾಂಶವನ್ನು ಮಾರಾಟಕ್ಕಿಟ್ಟಿತು! ಐಬಿಎಂ ತನ್ನದನ್ನು ತಂದದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ನಿಮ್ಮ ಅಣ್ಣನೋ ಅಕ್ಕನೋ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಫೋನಿನಲ್ಲಿ ನೋಡಿದ್ದು ನೆನಪಿದೆಯೆ? ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಮೂರು ಮಹಡಿಗಳಿರುತ್ತವೆ. ಮೇಲಿನದು ನೋಂದಣಿ ಸಂಖ್ಯೆ ಒತ್ತುವ ಪರದೆ. ನಡುವಿನದು ಪ್ರೋಗ್ರಾಮು, ಸಂಖ್ಯೆ ಸರಿಯಿದೆಯೇ ಎಂದು ನೋಡಿ, ಎಸ್‌ಕ್ಯುಎಲ್ ವಾಕ್ಯ ಮಾಡಿ ಕೆಳಗೆ ಕಳಿಸುತ್ತದೆ. ಕೆಳಗಿನದು ಕೋಷ್ಟಕಗಳ ಉಗ್ರಾಣ. ಬೇಕಾದ ಸಾಲನ್ನಷ್ಟೇ ಹೆಕ್ಕಿ ಮೇಲೆ ಕೊಡುತ್ತದೆ. ಪರದೆಯ ಮುಂದೆ ಕುಳಿತವರು ಉಗ್ರಾಣಕ್ಕೆ ನೇರವಾಗಿ ಕೈಹಾಕುವಂತಿಲ್ಲ. ಉಗ್ರಾಣದ ಡಿಸ್ಕು ಬದಲಾದರೂ ನಡುವಿನ ಪ್ರೋಗ್ರಾಮನ್ನು ತಿದ್ದಬೇಕಿಲ್ಲ. ಕಾಡ್ ಬಯಸಿದ್ದು ಇದನ್ನೇ.

ಕಾಡ್ 1984ರಲ್ಲಿ ಐಬಿಎಂ ಬಿಟ್ಟರು. ಮರುವರ್ಷ, ಹೆಸರಿಗಷ್ಟೇ ಕೋಷ್ಟಕ ಪದ್ಧತಿ ಎನ್ನುವ ತಂತ್ರಾಂಶಗಳನ್ನು ಕಂಡು ಬೇಸತ್ತು, ಹನ್ನೆರಡು ನಿಯಮಗಳನ್ನು ಪ್ರಕಟಿಸಿದರು. ಎಣಿಸಿದರೆ ಹದಿಮೂರು, ಅವರು ಸೊನ್ನೆಯಿಂದ ಎಣಿಸಿದ್ದರು! 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ.

ಮಾಡಿ ನೋಡಿ: ಒಂದು ಹಾಳೆಯಲ್ಲಿ ದಾಖಲಾತಿ ಸಂಖ್ಯೆ, ಹೆಸರು, ಊರು ಬರೆಯಿರಿ. ಇನ್ನೊಂದರಲ್ಲಿ ದಾಖಲಾತಿ ಸಂಖ್ಯೆ ಮತ್ತು ಗ್ರಂಥಾಲಯದಿಂದ ಪಡೆದ ಪುಸ್ತಕದ ಹೆಸರು ಮಾತ್ರ ಇರಲಿ. ಈಗ ನಿಮ್ಮ ಪಕ್ಕದ ಊರಿನ ಮಕ್ಕಳು ಯಾವ ಯಾವ ಪುಸ್ತಕ ಒಯ್ದಿದ್ದಾರೆ, ಎರಡೂ ಹಾಳೆ ನೋಡಿ ಹೇಳಿ.