ಗಾಲಿಯ ಸದ್ದಿಗೆ ನಡುಗಿದ ಡಿಕನ್ಸ್

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು 1812ನೆಯ ಇಸವಿ ಫೆಬ್ರವರಿ 7ರಂದು ಪೋರ್ಟ್ಸ್‌ಮತ್ ನಗರದಲ್ಲಿ ಜನಿಸಿದನು. ತಂದೆಯು ಸಾಲಕ್ಕಾಗಿ ಸೆರೆಮನೆ ಸೇರಿದ ವರ್ಷ, ಹನ್ನೆರಡರ ಈ ಬಾಲಕನು ಬೂಟುಪಾಲಿಶಿನ ಕಾರ್ಖಾನೆಯಲ್ಲಿ ದುಡಿದನು. ಮುಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ, ಪತ್ರಿಕಾ ವರದಿಗಾರನಾಗಿ, ಲೇಖನಿಯ ಬಲದಿಂದಲೇ ಲೋಕವಿಖ್ಯಾತನಾದನು.

1865ನೆಯ ಜೂನ್ 9ರಂದು ಆತನು ಲಂಡನ್ನಿಗೆ ಮರಳುತ್ತಿದ್ದ ರೈಲು, ಸ್ಟೇಪಲ್‌ಹರ್ಸ್ಟಿನ ಬಳಿ ದುರಸ್ತಿಗಾಗಿ ಹಳಿ ಕಿತ್ತಿದ್ದ ಸೇತುವೆಯ ಮೇಲೆ ಹಳಿ ತಪ್ಪಿತು. ಹತ್ತು ಮಂದಿ ಮಡಿದರು. ಡಿಕನ್ಸನಿದ್ದ ಡಬ್ಬಿಯು ಸೇತುವೆಯಂಚಿಗೆ ಜೋತು ನಿಂತಿತು. ಆತನು ಹೊರಬಂದು, ತನ್ನ ಟೋಪಿಯಲ್ಲಿಯೇ ನೀರು ಹೊತ್ತು ಗಾಯಾಳುಗಳನ್ನು ಉಪಚರಿಸಿದನು.

ದೇಹಕ್ಕೆ ದೊಡ್ಡ ಗಾಯವಾಗಲಿಲ್ಲ, ಆದದ್ದು ಮನಸ್ಸಿಗೆ. ಕೆಲವು ದಿನಗಳ ತರುವಾಯ ಲಂಡನ್ನಿಗೆ ಹೋದಾಗ ಕುದುರೆಗಾಡಿಯ ಗಾಲಿಗಳ ಸದ್ದು, ಬೀದಿಯ ಗದ್ದಲ ತಡೆಯಲಾಗದೆ, ನಿಧಾನದ ರೈಲು ಹಿಡಿದು ಮನೆಗೆ ಮರಳಿದನು. ರೈಲಿನ ವೇಗವೇರಿದೊಡನೆ ಡಬ್ಬಿಯು ಒಂದು ಮಗ್ಗುಲಿಗೆ ವಾಲಿತೆಂಬ ಭೀತಿ. ಸಣ್ಣ ಅಲುಗಾಟಕ್ಕೂ ಆಸನವನ್ನು ಬಿಗಿಹಿಡಿದು ನಡುಗುವನು. ಹಾಗೆಂದು ಪ್ರಯಾಣ ಬಿಡಲಿಲ್ಲ. 1867ರಲ್ಲಿ ಅಮೆರಿಕೆಗೂ ತೆರಳಿ, ಊರೂರು ತಿರುಗಿ ಸಭೆಗಳಲ್ಲಿ ತನ್ನ ಕೃತಿಗಳನ್ನು ಓದಿದನು. ಭಯವು ಮಾತ್ರ ಕಡೆಯವರೆಗೂ ಪೂರ್ತಿ ಬಿಡಲಿಲ್ಲ. ಅಪಘಾತ ನಡೆದು ಸರಿಯಾಗಿ ಐದು ವರ್ಷಕ್ಕೆ, 1870ನೆಯ ಜೂನ್ 9ರಂದು, ಆತನು ತೀರಿಕೊಂಡನು.

ಇಂಥ ನಡುಕವು ಹೇಡಿತನವಲ್ಲ, ಮನಸ್ಸಿಗಾದ ಗಾಯ. ಅದಕ್ಕೆ ಚಿಕಿತ್ಸೆಯೂ ಉಂಟೆಂದು ಇಂದಿನ ವೈದ್ಯರು ತಿಳಿಸುತ್ತಾರೆ. ಹೋಟೆಲಿನಲ್ಲಿ ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿ ಬೆವರಿದ ಹುಡುಗನೊಬ್ಬನನ್ನು ಕಂಡು ನಾವೂ ಒಮ್ಮೆ ನಕ್ಕದ್ದುಂಟು. ಡಿಕನ್ಸನ ಜೀವನವನ್ನು ಓದಿದ ಮೇಲೆ ಆ ನಗೆಗಾಗಿ ನಾಚುತ್ತೇವೆ. ಅಂಥವನನ್ನು ಕುಳ್ಳಿರಿಸಿ ಒಂದು ಲೋಟ ನೀರು ಕೊಡುವುದೇ ನಮ್ಮ ಧರ್ಮ.