ಡೆರೆಕ್ ಡಿ ಸೊಲ್ಲಾ ಪ್ರೈಸ್

ಡೆರೆಕ್ ಜಾನ್ ಡಿ ಸೊಲ್ಲಾ ಪ್ರೈಸ್ (22 ಜನವರಿ 1922 – 3 ಸೆಪ್ಟೆಂಬರ್ 1983) ಇಂಗ್ಲೆಂಡಿನಲ್ಲಿ ಜನಿಸಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಭೌತವಿಜ್ಞಾನಿ ಮತ್ತು ವಿಜ್ಞಾನದ ಇತಿಹಾಸಕಾರರು. ಸಂಶೋಧನಾ ಪ್ರಬಂಧಗಳು, ಅವುಗಳ ಲೇಖಕರು ಮತ್ತು ಅವುಗಳಲ್ಲಿನ ಉಲ್ಲೇಖಗಳನ್ನು ಎಣಿಸಿ ವಿಜ್ಞಾನದ ಬೆಳವಣಿಗೆಯನ್ನು ಅಧ್ಯಯನ ಮಾಡುವ ವಿಜ್ಞಾನಮಿತಿ (ಸೈಂಟೊಮೆಟ್ರಿಕ್ಸ್) ಎಂಬ ಶಾಸ್ತ್ರದ ಸ್ಥಾಪಕರಲ್ಲಿ ಇವರನ್ನು ಪ್ರಮುಖರೆಂದು ಪರಿಗಣಿಸಲಾಗುತ್ತದೆ. ಲೇಖಕರ ಉತ್ಪಾದಕತೆ ಮತ್ತು ಸಹಲೇಖಕತ್ವದ ಕುರಿತ ಇವರ ಅಧ್ಯಯನಗಳು ಇಂದಿಗೂ ಚರ್ಚೆಯಲ್ಲಿವೆ. ಪ್ರಾಚೀನ ಗ್ರೀಕರ ಆಂಟಿಕಿಥೆರಾ ಯಂತ್ರದ ಸಂಶೋಧನೆಯಿಂದಲೂ ಇವರು ಪ್ರಸಿದ್ಧರು.

ಆರಂಭಿಕ ಜೀವನ ಮತ್ತು ಶಿಕ್ಷಣ

ಪ್ರೈಸ್ ಅವರು ಇಂಗ್ಲೆಂಡಿನ ಲೇಟನ್‌ನಲ್ಲಿ ಜನಿಸಿದರು. ತಂದೆ ಫಿಲಿಪ್ ಪ್ರೈಸ್ ದರ್ಜಿಯಾಗಿದ್ದರು. ತಾಯಿ ಫ್ಯಾನಿ ಡಿ ಸೊಲ್ಲಾ ಗಾಯಕಿಯಾಗಿದ್ದರು. ತಾಯಿಯ ಮನೆತನದ ಹೆಸರಾದ ಡಿ ಸೊಲ್ಲಾ ಎಂಬುದನ್ನು ಪ್ರೈಸ್ ಅವರು ಸುಮಾರು 1950ರ ವೇಳೆಗೆ ತಮ್ಮ ಹೆಸರಿಗೆ ಸೇರಿಸಿಕೊಂಡರು. 1938ರಲ್ಲಿ ಅವರು ಸೌತ್ ವೆಸ್ಟ್ ಎಸೆಕ್ಸ್ ತಾಂತ್ರಿಕ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಕೆಲಸಕ್ಕೆ ಸೇರಿದರು. ಮುಂದೆ ಲಂಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಅಭ್ಯಸಿಸಿ 1942ರಲ್ಲಿ ಪದವಿಯನ್ನೂ, 1946ರಲ್ಲಿ ಪ್ರಾಯೋಗಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದರು. 1947ರಲ್ಲಿ ಅವರು ಎಲೆನ್ ಯೋರ್ಥ್ ಅವರನ್ನು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ವಿವಾಹವಾದರು.

ಸಿಂಗಾಪುರದ ಅವಧಿ

1940ರ ದಶಕದ ಕೊನೆಯಲ್ಲಿ ಪ್ರೈಸ್ ಅವರು ಸಿಂಗಾಪುರದ ರಾಫೆಲ್ಸ್ ಕಾಲೇಜಿನಲ್ಲಿ ಅನ್ವಯಿಕ ಗಣಿತದ ಅಧ್ಯಾಪಕರಾಗಿ ಸುಮಾರು ಮೂರು ವರ್ಷ ಸೇವೆ ಸಲ್ಲಿಸಿದರು. ಮುಂದೆ ಪಾರ್ಕಿನ್ಸನ್ ನಿಯಮದಿಂದ ಹೆಸರಾದ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಅವರ ಪರಿಚಯ ಅವರಿಗೆ ಅಲ್ಲಿ ಆಯಿತು. ಆ ಒಡನಾಟದಿಂದ ಪ್ರೈಸ್ ಅವರಿಗೆ ಇತಿಹಾಸದಲ್ಲಿ ಆಸಕ್ತಿ ಮೂಡಿತು.

ಇದೇ ಅವಧಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ 1665ರಿಂದ ಪ್ರಕಟಿಸುತ್ತ ಬಂದಿದ್ದ ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯ ಹಳೆಯ ಸಂಪುಟಗಳು ಕಾಲೇಜಿಗೆ ಬಂದವು. ಗ್ರಂಥಾಲಯದ ಕಟ್ಟಡವು ಇನ್ನೂ ನಿರ್ಮಾಣದಲ್ಲಿದ್ದುದರಿಂದ ಪ್ರೈಸ್ ಅವರು ಆ ಸಂಪುಟಗಳನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡು ಓದತೊಡಗಿದರು. ಒಂದೊಂದು ದಶಕದ ಸಂಪುಟಗಳನ್ನು ಒಂದೊಂದು ರಾಶಿಯಾಗಿ ಗೋಡೆಗೆ ತಾಗಿಸಿ ಜೋಡಿಸಿದಾಗ ರಾಶಿಗಳ ಎತ್ತರವು ಕ್ರಮಬದ್ಧವಾಗಿ ಹೆಚ್ಚುತ್ತ ಹೋಗಿ, ಗಣಿತದ ಘಾತೀಯ ವಕ್ರರೇಖೆಯ ಆಕಾರವನ್ನು ತಾಳಿದ್ದು ಅವರ ಗಮನಕ್ಕೆ ಬಂದಿತು. ಘಾತೀಯ ಬೆಳವಣಿಗೆಯಲ್ಲಿ ಸಮಾನ ಕಾಲಾವಧಿಗೊಮ್ಮೆ ಮೊತ್ತವು ದ್ವಿಗುಣಗೊಳ್ಳುತ್ತದೆ. ಚಕ್ರಬಡ್ಡಿಯ ಲೆಕ್ಕವೂ ಇದೇ ರೀತಿಯದು. ಇತರ ಪತ್ರಿಕೆಗಳಲ್ಲಿಯೂ ಇದೇ ಬಗೆಯ ಬೆಳವಣಿಗೆ ಇದೆಯೇ ಎಂದು ಪರಿಶೀಲಿಸಿದ ಪ್ರೈಸ್ ಅವರು, 1950ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ವಿಜ್ಞಾನ ಇತಿಹಾಸದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತಮ್ಮ ನಿರೀಕ್ಷಣೆಗಳನ್ನು ಮಂಡಿಸಿದರು. ಈ ಪ್ರಬಂಧವು 1951ರಲ್ಲಿ ಪ್ರಕಟವಾಯಿತು.

ಕೇಂಬ್ರಿಜ್ ಮತ್ತು ಯೇಲ್

ಇಂಗ್ಲೆಂಡಿಗೆ ಹಿಂದಿರುಗಿದ ಪ್ರೈಸ್ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಇತಿಹಾಸವನ್ನು ಅಭ್ಯಸಿಸಿ 1954ರಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ಈ ಅಧ್ಯಯನದ ಸಮಯದಲ್ಲಿ ಪೀಟರ್‌ಹೌಸ್ ಕಾಲೇಜಿನ ಗ್ರಂಥಾಲಯದಲ್ಲಿ ಗ್ರಹಗಳ ಸ್ಥಾನವನ್ನು ಕಂಡುಹಿಡಿಯುವ ಉಪಕರಣವನ್ನು ವಿವರಿಸುವ ಮಧ್ಯಯುಗದ ಹಸ್ತಪ್ರತಿಯೊಂದನ್ನು ಬೆಳಕಿಗೆ ತಂದರು. ಇದರ ಕರ್ತೃ ಕವಿ ಜೆಫ್ರಿ ಚಾಸರ್ ಇರಬಹುದೆಂದು ಅವರು ವಾದಿಸಿದರು. ಆದರೆ ಈ ಹಸ್ತಪ್ರತಿಯನ್ನು ಬರೆದವನು ಜಾನ್ ವೆಸ್ಟ್‌ವಿಕ್ ಎಂಬ ಸನ್ಯಾಸಿ ಎಂಬುದನ್ನು ನಂತರದ ವಿದ್ವಾಂಸರು ಗುರುತಿಸಿದ್ದಾರೆ. ಚೀನಾದ ಮಧ್ಯಯುಗದ ಖಗೋಳ ಗಡಿಯಾರಗಳನ್ನು ಕುರಿತು ಜೋಸೆಫ್ ನೀಡಮ್ ಮತ್ತು ವಾಂಗ್ ಲಿಂಗ್ ಅವರೊಂದಿಗೆ ಬರೆದ ಹೆವನ್ಲಿ ಕ್ಲಾಕ್‌ವರ್ಕ್ ಎಂಬ ಗ್ರಂಥವು 1960ರಲ್ಲಿ ಪ್ರಕಟವಾಯಿತು.

1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕಕ್ಕೆ ತೆರಳಿದ ಅವರು ಯೇಲ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿ ವಿಜ್ಞಾನ ಇತಿಹಾಸದ ಅವಲಾನ್ ಪ್ರಾಧ್ಯಾಪಕರಾದರು. 1961ರಲ್ಲಿ ಸೈನ್ಸ್ ಸಿನ್ಸ್ ಬ್ಯಾಬಿಲಾನ್ ಎಂಬ ಕೃತಿಯನ್ನು ಪ್ರಕಟಿಸಿದರು. ವೈಜ್ಞಾನಿಕ ನಿಯತಕಾಲಿಕಗಳ ಸಂಖ್ಯೆಯು 1750ರ ನಂತರ ಪ್ರತಿ 50 ವರ್ಷಗಳಲ್ಲಿ ಸುಮಾರು 10 ಪಟ್ಟು ಹೆಚ್ಚಿದೆ ಎಂದು ಇದರಲ್ಲಿ ಅವರು ತೋರಿಸಿದರು. ಈ ಎಣಿಕೆಯಲ್ಲಿ ಸ್ಥಾಪನೆಯಾದ ಪತ್ರಿಕೆಗಳೆಲ್ಲವೂ ಸೇರಿದ್ದು, ನಿಂತುಹೋದ ಪತ್ರಿಕೆಗಳನ್ನು ಕಳೆದಿಲ್ಲ ಎಂಬ ಆಕ್ಷೇಪವು ನಂತರ ವ್ಯಕ್ತವಾಯಿತು.

ಲೇಖಕರ ಉತ್ಪಾದಕತೆಯ ಅಳತೆ

1962ರಲ್ಲಿ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಪ್ರೈಸ್ ಅವರು ಪೆಗ್ರಾಮ್ ಉಪನ್ಯಾಸಗಳನ್ನು ನೀಡಿದರು. ಇವು 1963ರಲ್ಲಿ ಲಿಟಲ್ ಸೈನ್ಸ್, ಬಿಗ್ ಸೈನ್ಸ್ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಹೊರಬಂದವು. ವಿಜ್ಞಾನದ ಗಾತ್ರವು 10ರಿಂದ 15 ವರ್ಷಗಳಿಗೊಮ್ಮೆ ದ್ವಿಗುಣಗೊಳ್ಳುತ್ತ ಬಂದಿದೆ, ಇದರ ಫಲವಾಗಿ ಇತಿಹಾಸದಲ್ಲಿ ಆಗಿಹೋದ ಒಟ್ಟು ವಿಜ್ಞಾನಿಗಳಲ್ಲಿ ಬಹುಪಾಲು ಜನ ಈಗಲೂ ಬದುಕಿದ್ದಾರೆ ಎಂಬುದು ಪುಸ್ತಕದ ಆರಂಭದ ವಾದ. ಆದರೆ ಇಂತಹ ಬೆಳವಣಿಗೆ ಅನಂತವಾಗಿ ಮುಂದುವರಿಯಲಾರದು. ವಿಜ್ಞಾನಿಗಳ ಸಂಖ್ಯೆಯು ಜನಸಂಖ್ಯೆಯನ್ನು ಮೀರಲಾಗದಾದ್ದರಿಂದ ಬೆಳವಣಿಗೆಯ ವೇಗ ತಗ್ಗಲೇಬೇಕು ಎಂದೂ ಅವರು ತೋರಿಸಿದರು.

ಇದೇ ಪುಸ್ತಕದಲ್ಲಿ ಪ್ರೈಸ್ ಅವರು ಲೇಖಕರ ಉತ್ಪಾದಕತೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಈ ವಿಷಯದಲ್ಲಿ ಅವರಿಗೆ ಆಧಾರವಾದದ್ದು ಆಲ್‌ಫ್ರೆಡ್ ಲೋಟ್ಕಾ ಅವರು 1926ರಲ್ಲಿ ಪ್ರಕಟಿಸಿದ ವಿಲೋಮ ವರ್ಗ ನಿಯಮ. ಇದರ ಪ್ರಕಾರ ಒಂದು ಕ್ಷೇತ್ರದಲ್ಲಿ ಒಂದೇ ಪ್ರಬಂಧ ಬರೆದವರು 100 ಜನರಿದ್ದರೆ, ಎರಡು ಬರೆದವರು ಸುಮಾರು 25, ಮೂರು ಬರೆದವರು ಸುಮಾರು 11, ಹತ್ತು ಬರೆದವರು ಒಬ್ಬರು ಇರುತ್ತಾರೆ. ಲೋಟ್ಕಾ ಅವರು ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಎಂಬ ಸೂಚಿಯ ಒಂದು ಭಾಗವನ್ನು ಮತ್ತು ಭೌತಶಾಸ್ತ್ರದ ಇತಿಹಾಸದ ಕೋಷ್ಟಕವೊಂದನ್ನು ಎಣಿಸಿ ಈ ನಿರ್ಣಯಕ್ಕೆ ಬಂದಿದ್ದರು. ಜಂಟಿಯಾಗಿ ಬರೆದ ಪ್ರಬಂಧಗಳಲ್ಲಿ ಹಿರಿಯ ಲೇಖಕರನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹೀಗಾಗಿ ಉಳಿದ ಸಹಲೇಖಕರು ಎಣಿಕೆಯಿಂದ ಹೊರಗೇ ಉಳಿದಿದ್ದರು.

ಈ ಅಸಮಾನತೆಯನ್ನು ಪ್ರೈಸ್ ಅವರು ಇನ್ನೊಂದು ಸೂತ್ರದ ರೂಪದಲ್ಲಿ ಹೇಳಿದರು. ಒಂದು ಕ್ಷೇತ್ರದ ಒಟ್ಟು ಲೇಖಕರ ಸಂಖ್ಯೆಯ ವರ್ಗಮೂಲದಷ್ಟು ಜನರು ಆ ಕ್ಷೇತ್ರದ ಅರ್ಧದಷ್ಟು ಪ್ರಬಂಧಗಳನ್ನು ಬರೆಯುತ್ತಾರೆ ಎಂಬ ಈ ಸೂತ್ರವು ಪ್ರೈಸ್ ನಿಯಮ ಎಂದು ಹೆಸರಾಗಿದೆ. ಇದರಂತೆ 100 ಲೇಖಕರಿರುವ ಕ್ಷೇತ್ರದಲ್ಲಿ 10 ಜನ, 10,000 ಲೇಖಕರಿರುವ ಕ್ಷೇತ್ರದಲ್ಲಿ 100 ಜನ ಅರ್ಧ ಸಾಹಿತ್ಯಕ್ಕೆ ಕಾರಣರಾಗುತ್ತಾರೆ. ಆದರೆ ಇದು ಲೋಟ್ಕಾ ನಿಯಮದಿಂದ ಗಣಿತೀಯವಾಗಿ ನೇರವಾಗಿ ಹೊರಡುವುದಿಲ್ಲ. ನಂತರದ ಪರೀಕ್ಷೆಗಳಲ್ಲಿಯೂ ಬಹಳಷ್ಟು ದತ್ತಾಂಶ ಈ ಸೂತ್ರಕ್ಕೆ ಹೊಂದಿಕೊಳ್ಳಲಿಲ್ಲ.

ಸಹಲೇಖಕತ್ವದ ಅಧ್ಯಯನ

ಲಿಟಲ್ ಸೈನ್ಸ್, ಬಿಗ್ ಸೈನ್ಸ್ ಕೃತಿಯಲ್ಲಿ ಪ್ರೈಸ್ ಅವರು ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್‌ನ 20ನೆಯ ಶತಮಾನದ ದಾಖಲೆಗಳನ್ನು ಬಳಸಿ ಒಬ್ಬರೇ ಬರೆದ ಪ್ರಬಂಧಗಳ ಪಾಲು ಸತತವಾಗಿ ಇಳಿಯುತ್ತಿರುವುದನ್ನು ತೋರಿಸಿದರು. ಈ ಇಳಿಕೆ ಅದೇ ವೇಗದಲ್ಲಿ ಮುಂದುವರಿದರೆ ಏಕಲೇಖಕ ಪ್ರಬಂಧವು 1980ರ ವೇಳೆಗೆ ಅಳಿದುಹೋಗುವುದೆಂದು ಅವರು ಮುನ್ನುಡಿದರು. ಈ ಭವಿಷ್ಯವಾಣಿ ನಿಜವಾಗಲಿಲ್ಲ. ಏಕಲೇಖಕ ಪ್ರಬಂಧಗಳ ಪಾಲು ಬಹುತೇಕ ಕ್ಷೇತ್ರಗಳಲ್ಲಿ ಕುಗ್ಗಿದರೂ, ಗಣಿತದಲ್ಲಿಯೂ ಮಾನವಿಕ ಶಾಸ್ತ್ರಗಳಲ್ಲಿಯೂ ಅಂತಹ ಬರವಣಿಗೆ ಇಂದಿಗೂ ಉಳಿದಿದೆ.

ಸಹಲೇಖಕತ್ವದ ಹೆಚ್ಚಳಕ್ಕೆ ಪ್ರೈಸ್ ಅವರು ನೀಡಿದ ವಿವರಣೆ ವಿವಾದಕ್ಕೆ ಎಡೆಮಾಡುವಂಥದ್ದಾಗಿತ್ತು. ಪೂರ್ಣ ಪ್ರಬಂಧವನ್ನು ಒಬ್ಬಂಟಿಯಾಗಿ ಬರೆಯಲಾಗದ, ಆದರೆ ಅದರ ಒಂದು ಅಂಶವನ್ನು ಒದಗಿಸಬಲ್ಲ ಅಸಂಖ್ಯ ಜನರ ಶ್ರಮವು ಸಹಯೋಗದ ಮೂಲಕ ವಿಜ್ಞಾನಕ್ಕೆ ದೊರೆಯುತ್ತದೆ ಎಂಬುದು ಅವರ ನಿಲುವಾಗಿತ್ತು. ಪರಸ್ಪರ ಪರಿಚಿತರಾಗಿದ್ದು, ಪ್ರಕಟಣೆಗೆ ಮೊದಲೇ ತಮ್ಮ ಫಲಿತಾಂಶಗಳನ್ನು ಹಂಚಿಕೊಳ್ಳುವ ಸಂಶೋಧಕರ ಅನೌಪಚಾರಿಕ ಗುಂಪುಗಳನ್ನು ಅವರು ಅದೃಶ್ಯ ವಿದ್ಯಾಪೀಠಗಳು ಎಂದು ಕರೆದರು. ಈ ಪದವನ್ನು ಅವರು ರಾಬರ್ಟ್ ಬಾಯ್ಲ್ ಅವರ 17ನೆಯ ಶತಮಾನದ ಬಳಕೆಯಿಂದ ಎರವಲು ಪಡೆದರು.

1966ರಲ್ಲಿ ಡೊನಾಲ್ಡ್ ಬೀವರ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಒಂದು ಗುಂಪನ್ನೇ ಪರೀಕ್ಷೆಗೆ ಒಳಪಡಿಸಲಾಯಿತು. ಜೀವಕೋಶಗಳಲ್ಲಿನ ಶಕ್ತಿ ಉತ್ಪಾದನೆಯ ರಸಾಯನಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ಸಂಶೋಧಕರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾಹಿತಿ ವಿನಿಮಯ ಗುಂಪಿನ ಮೂಲಕ ಪರಸ್ಪರ ಕಳುಹಿಸುತ್ತಿದ್ದ ಬರಹಗಳು ಇದಕ್ಕೆ ಆಧಾರವಾದವು. ಅತಿ ಹೆಚ್ಚು ಬರೆಯುವ ವ್ಯಕ್ತಿಯೇ ಅತಿ ಹೆಚ್ಚು ಸಹಲೇಖಕರನ್ನು ಹೊಂದಿರುವುದು ಕಂಡುಬಂದಿತು. ಕೆಲವೇ ಸಕ್ರಿಯ ನಾಯಕರ ಸುತ್ತ, ಒಂದೆರಡು ಬರಹಗಳಲ್ಲಿ ಪಾಲ್ಗೊಂಡು ಮರೆಯಾಗುವ ಬಹುಸಂಖ್ಯಾತರು ನೆರೆದಿದ್ದರು. ಲೋಟ್ಕಾ ಅವರ ಎಣಿಕೆಯಲ್ಲಿ ಕಾಣಿಸದೆ ಹೋದವರು ಈ ಅಧ್ಯಯನದಲ್ಲಿ ಗುಂಪಿನ ಬಹುದೊಡ್ಡ ಭಾಗವಾಗಿ ಗೋಚರಿಸಿದರು.

ಉಲ್ಲೇಖಗಳ ಜಾಲ

ಯೂಜೀನ್ ಗಾರ್ಫೀಲ್ಡ್ ಅವರು ರೂಪಿಸಿದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ಉಲ್ಲೇಖ ಸೂಚಿಯ ಮಹತ್ವವನ್ನು ಮೊದಲಿಗೆ ಮನಗಂಡವರಲ್ಲಿ ಪ್ರೈಸ್ ಒಬ್ಬರು. 1965ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ವೈಜ್ಞಾನಿಕ ಸಾಹಿತ್ಯವನ್ನು ಉಲ್ಲೇಖಗಳಿಂದ ಹೆಣೆದ ಜಾಲವೆಂದು ವಿವರಿಸಿದರು. ಯಾವುದೇ ಒಂದು ವರ್ಷದಲ್ಲಿ ಅಸ್ತಿತ್ವದಲ್ಲಿರುವ ಪ್ರಬಂಧಗಳಲ್ಲಿ ಸುಮಾರು 35 ಪ್ರತಿಶತವನ್ನು ಯಾರೂ ಉಲ್ಲೇಖಿಸುವುದಿಲ್ಲ, ಸುಮಾರು 49 ಪ್ರತಿಶತ ಒಮ್ಮೆ ಮಾತ್ರ ಉಲ್ಲೇಖಗೊಳ್ಳುತ್ತವೆ ಎಂದು ಅವರು ಅಂದಾಜಿಸಿದರು.

ಈ ಅಸಮಾನತೆಯ ಕಾರಣವನ್ನು 1976ರ ಪ್ರಬಂಧದಲ್ಲಿ ಅವರು ಸಂಚಿತ ಅನುಕೂಲ ಎಂಬ ಗಣಿತ ಮಾದರಿಯ ಮೂಲಕ ವಿವರಿಸಿದರು. ಈಗಾಗಲೇ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಕ್ಕೆ ಮುಂದೆಯೂ ಉಲ್ಲೇಖ ದೊರೆಯುವ ಸಂಭವ ಹೆಚ್ಚು. ಅನೇಕ ಪ್ರಬಂಧಗಳನ್ನು ಪ್ರಕಟಿಸಿದ ಲೇಖಕರು ಮತ್ತೊಂದನ್ನು ಪ್ರಕಟಿಸುವ ಸಂಭವವೂ ಹಾಗೆಯೇ ಹೆಚ್ಚು. ಆರಂಭದ ಅಲ್ಪ ಮುನ್ನಡೆಯೂ ಕಾಲಕ್ರಮೇಣ ಬಹುದೊಡ್ಡ ಅಂತರವಾಗಬಹುದೆಂದು ಈ ಮಾದರಿಯಿಂದ ತಿಳಿಯುತ್ತದೆ. 1999ರಲ್ಲಿ ಆಲ್ಬರ್ಟ್-ಲಾಸ್ಲೋ ಬರಾಬಾಶಿ ಮತ್ತು ರೇಕಾ ಆಲ್ಬರ್ಟ್ ಅವರು ಜಾಲಗಳ ಬೆಳವಣಿಗೆಗೆ ಮಂಡಿಸಿದ ಪ್ರಸಿದ್ಧ ಮಾದರಿಯು ಇದೇ ತತ್ತ್ವವನ್ನು ಆಧರಿಸಿದೆ.

ಶ್ರೇಯಸ್ಸಿನ ಹಂಚಿಕೆ

ಜಂಟಿ ಪ್ರಬಂಧದ ಶ್ರೇಯಸ್ಸು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಪ್ರೈಸ್ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಮರಳಿದರು. ಪ್ರತಿಯೊಬ್ಬ ಸಹಲೇಖಕನಿಗೂ ಪೂರ್ಣ ಪ್ರಬಂಧದ ಶ್ರೇಯಸ್ಸು ನೀಡಿದರೆ, ನಾಲ್ವರು ಬರೆದ ಒಂದು ಪ್ರಬಂಧವು ಲೆಕ್ಕದಲ್ಲಿ ನಾಲ್ಕಾಗುತ್ತದೆ. ಮೊದಲ ಅಥವಾ ಹಿರಿಯ ಲೇಖಕನಿಗೆ ಮಾತ್ರ ನೀಡಿದರೆ ಉಳಿದ ಮೂವರ ಶ್ರಮ ಲೆಕ್ಕಕ್ಕೆ ಬರುವುದಿಲ್ಲ. 1981ರಲ್ಲಿ ಸೈನ್ಸ್ ಪತ್ರಿಕೆಗೆ ಬರೆದ ಪತ್ರದಲ್ಲಿ ಅವರು ಒಂದು ಪ್ರಬಂಧದ ಶ್ರೇಯಸ್ಸನ್ನು ಅದರ ಎಲ್ಲ ಲೇಖಕರ ನಡುವೆ ಹಂಚಬೇಕೆಂದು ಪ್ರತಿಪಾದಿಸಿದರು. ಇದರಂತೆ ನಾಲ್ವರಲ್ಲಿ ಪ್ರತಿಯೊಬ್ಬರಿಗೂ ಕಾಲು ಭಾಗ ಸಲ್ಲುತ್ತದೆ. ಭಿನ್ನಾಂಶ ಎಣಿಕೆ ಎಂದು ಕರೆಯಲಾಗುವ ಈ ವಿಧಾನವನ್ನು ಸಂಸ್ಥೆಗಳ ಮತ್ತು ರಾಷ್ಟ್ರಗಳ ಸಂಶೋಧನೆಯನ್ನು ಹೋಲಿಸುವಾಗ ಇಂದು ವ್ಯಾಪಕವಾಗಿ ಬಳಸಲಾಗುತ್ತದೆ. ಆದರೆ ಸಮಪಾಲು ಎಂಬುದು ಪ್ರತಿಯೊಬ್ಬರ ನಿಜವಾದ ಕೊಡುಗೆಯನ್ನು ಸೂಚಿಸುವುದಿಲ್ಲ. ಎಣಿಕೆಯ ವಿಧಾನ ಬದಲಾದಂತೆ ಒಬ್ಬ ಲೇಖಕನ ಸ್ಥಾನವೂ ಬದಲಾಗುವುದರಿಂದ, ನೇಮಕಾತಿ ಮತ್ತು ಬಡ್ತಿಗಳಲ್ಲಿ ಪ್ರಬಂಧಗಳ ಸಂಖ್ಯೆಯನ್ನು ಪರಿಗಣಿಸುವಲ್ಲೆಲ್ಲ ಈ ಪ್ರಶ್ನೆ ಜೀವಂತವಾಗಿದೆ.

ಆಂಟಿಕಿಥೆರಾ ಯಂತ್ರ

ಗ್ರೀಸ್ ದೇಶದ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಹೊರತೆಗೆಯಲಾದ, ತುಕ್ಕು ಹಿಡಿದ ಕಂಚಿನ ಯಂತ್ರದ ಅಧ್ಯಯನದಲ್ಲಿ ಪ್ರೈಸ್ ಅವರು 1950ರ ದಶಕದಿಂದ ತೊಡಗಿದ್ದರು. 1959ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಇದನ್ನು ಪ್ರಾಚೀನ ಗ್ರೀಕರ ಗಣಕಯಂತ್ರವೆಂದು ಪರಿಚಯಿಸಿದರು. ಮುಂದೆ ಹರಾಲಂಬೋಸ್ ಕರಾಕಲೋಸ್ ಅವರ ನೆರವಿನಿಂದ ಪಡೆದ ವಿಕಿರಣ ಚಿತ್ರಗಳ ಆಧಾರದ ಮೇಲೆ ಅದರ ಹಲ್ಲುಚಕ್ರಗಳ ಜೋಡಣೆಯನ್ನು ಪುನಾರಚಿಸಿ, 1974ರಲ್ಲಿ ಗಿಯರ್ಸ್ ಫ್ರಮ್ ದ ಗ್ರೀಕ್ಸ್ ಎಂಬ ಕೃತಿಯನ್ನು ಪ್ರಕಟಿಸಿದರು. ನಂತರದ ಸಂಶೋಧನೆಗಳು ಈ ಪುನಾರಚನೆಯ ಹಲವು ವಿವರಗಳನ್ನು ತಿದ್ದಿವೆ.

ಗೌರವಗಳು ಮತ್ತು ನಿಧನ

ತಂತ್ರಜ್ಞಾನದ ಇತಿಹಾಸ ಸಂಘವು 1976ರಲ್ಲಿ ಪ್ರೈಸ್ ಅವರಿಗೆ ಲಿಯೊನಾರ್ಡೊ ಡ ವಿಂಚಿ ಪದಕವನ್ನು ನೀಡಿತು. ವಿಜ್ಞಾನದ ಸಾಮಾಜಿಕ ಅಧ್ಯಯನ ಸಂಘವು 1981ರಲ್ಲಿ ನೀಡಿದ ಮೊದಲ ಜೆ. ಡಿ. ಬರ್ನಾಲ್ ಪ್ರಶಸ್ತಿಗೂ ಅವರು ಪಾತ್ರರಾದರು. 1978ರಲ್ಲಿ ಆರಂಭವಾದ ಸೈಂಟೊಮೆಟ್ರಿಕ್ಸ್ ಪತ್ರಿಕೆಯ ಸ್ಥಾಪಕ ಸಂಪಾದಕರಲ್ಲಿ ಅವರೂ ಒಬ್ಬರಾಗಿದ್ದರು.

ಪ್ರೈಸ್ ಅವರು 1983ರ ಸೆಪ್ಟೆಂಬರ್ 3ರಂದು ಲಂಡನ್ನಿನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 61 ವರ್ಷ ವಯಸ್ಸಾಗಿತ್ತು. ಅವರ ಸ್ಮರಣಾರ್ಥ ಸೈಂಟೊಮೆಟ್ರಿಕ್ಸ್ ಪತ್ರಿಕೆಯು ಡೆರೆಕ್ ಡಿ ಸೊಲ್ಲಾ ಪ್ರೈಸ್ ಸ್ಮಾರಕ ಪದಕವನ್ನು ಸ್ಥಾಪಿಸಿತು. 1984ರಲ್ಲಿ ನೀಡಲಾದ ಮೊದಲ ಪದಕವನ್ನು ಯೂಜೀನ್ ಗಾರ್ಫೀಲ್ಡ್ ಅವರು ಸ್ವೀಕರಿಸಿದರು.