ಮಾಲೀಕರು ಜೈಲಿನಲ್ಲಿ, ಅಂಗಡಿ ಮಾತ್ರ ತೆರೆದೇ ಇತ್ತು

ಪುಸ್ತಕ ಮಾರಿದರೆ ಜೈಲು ಗ್ಯಾರಂಟಿ ಅಂತ ಗೊತ್ತಿದ್ದೂ ಆ ಅಂಗಡಿಯ ಗಲ್ಲಾದಲ್ಲಿ ಕೂರೋಕೆ ಜನ ಸಾಲುಗಟ್ಟಿ ಬಂದರು. ಇದು 200 ವರ್ಷಗಳ ಹಿಂದೆ ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಲ್ಲಿ ನಡೆದದ್ದು. ಅಂಗಡಿ ರಿಚರ್ಡ್ ಕಾರ್ಲೈಲ್ ಅವರದು.

1790ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ಹುಟ್ಟಿದ ಕಾರ್ಲೈಲ್ ತಗಡಿನ ಕೆಲಸಗಾರರು. 1817ರಲ್ಲಿ ಕೆಲಸ ಕಡಿಮೆಯಾದಾಗ ಸರ್ಕಾರವನ್ನು ಟೀಕಿಸುವ ಪತ್ರಿಕೆಗಳನ್ನು ಹೊತ್ತು ಬೀದಿ ಬೀದಿ ಮಾರಿದರು. ಆಮೇಲೆ ಥಾಮಸ್ ಪೇನ್ ಅವರ ಪುಸ್ತಕಗಳನ್ನು ಅಚ್ಚು ಹಾಕಿದರು. ಮುಂದೆ ನಮ್ಮ ಜೋತಿಬಾ ಫುಲೆ ಓದಿ ಪ್ರಭಾವಿತರಾದದ್ದು ಇದೇ ಪೇನ್ ಅವರನ್ನು.

1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್‌ನಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಪಡೆ ಕತ್ತಿ ಬೀಸಿತು. ಅಲ್ಲೇ ಇದ್ದ ಕಾರ್ಲೈಲ್ ಕಂಡದ್ದನ್ನು ಬರೆದು ಅಚ್ಚು ಹಾಕಿದರು. ಆದರೆ ಅದೇ ವರ್ಷ ಅವರನ್ನು ಜೈಲಿಗೆ ಹಾಕಿದ್ದು ಧರ್ಮನಿಂದನೆಯ ಹೆಸರಲ್ಲಿ: ಬೈಬಲನ್ನು ಪ್ರಶ್ನಿಸುವ ಪೇನ್ ಅವರ 'ದಿ ಏಜ್ ಆಫ್ ರೀಸನ್' ಪ್ರಕಟಿಸಿದ್ದಕ್ಕೆ. ಮೂರು ವರ್ಷ ಸಜೆ, 1,500 ಪೌಂಡ್ ದಂಡ. ದಂಡ ಕಟ್ಟದ್ದರಿಂದ ಸಜೆ ಆರು ವರ್ಷಕ್ಕೆ ಬೆಳೆಯಿತು. ಅಂಗಡಿಯ ಸರಕೂ ಜಪ್ತಿಯಾಯಿತು.

ವಿಚಾರಣೆ ವೇಳೆ ಕಾರ್ಲೈಲ್ ಒಂದು ಉಪಾಯ ಮಾಡಿದ್ದರು. ಆ ಪುಸ್ತಕವನ್ನು ಕೋರ್ಟಿನಲ್ಲೇ ಓದಿಬಿಟ್ಟರು. ಹೆಂಡತಿ ಜೇನ್ ಅದನ್ನು ವಿಚಾರಣೆಯ ವರದಿ ಎಂದು ಅಗ್ಗದ ಬೆಲೆಗೆ ಮಾರಿದರು!

ಜೇನ್ ಅವರನ್ನೂ ಜೈಲಿಗೆ ಹಾಕಿದರು. ನಾದಿನಿ ಮೇರಿ ಆನ್ ಬಂದು ಕೂತರು, ಅವರೂ ಒಳಗೆ ಹೋದರು. ಆಮೇಲೆ ಬಂದವರು ನಾಟಿಂಗ್‌ಹ್ಯಾಮ್‌ನ ಲೇಸ್ ಕೆಲಸಗಾರ್ತಿ ಸುಸಾನಾ ರೈಟ್. ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಕೋರ್ಟಿಗೆ ಬಂದು ತಮ್ಮ ಪರ ತಾವೇ ವಾದಿಸಿದರು. ಹೀಗೆ ಬೇರೆ ಬೇರೆ ಊರುಗಳಿಂದ ಕೆಲಸಗಾರರು ಬಂದು ಅಂಗಡಿ ನಡೆಸಿದರು. ಆ ಪುಸ್ತಕ, ಪತ್ರಿಕೆಗಳನ್ನು ಮಾರಿ ಜೈಲು ಕಂಡವರು ಸುಮಾರು 150 ಮಂದಿ.

ಮಾರುವವರ ಮುಖ ಗುಪ್ತಚರರಿಗೆ ಕಾಣದಿರಲಿ ಅಂತ ಒಂದು ಡಯಲ್ ಕೂಡ ಇಟ್ಟಿದ್ದರು. ಗಿರಾಕಿ ಬೇಕಾದ ಪುಸ್ತಕದ ಹೆಸರಿಗೆ ಮುಳ್ಳು ತಿರುಗಿಸಿ ಕಾಸು ಹಾಕಿದರೆ, ಮರೆಯಿಂದ ಪುಸ್ತಕ ಬೀಳುತ್ತಿತ್ತು. ಕಾರ್ಲೈಲ್ ಜೈಲಿನಲ್ಲೇ ಕೂತು 'ದಿ ರಿಪಬ್ಲಿಕನ್' ಪತ್ರಿಕೆ ನಡೆಸಿದರು. 1825ರ ನವೆಂಬರ್‌ನಲ್ಲಿ ಬಿಡುಗಡೆಯಾದರು. ಮಾರಾಟ ನಿಲ್ಲಿಸುವುದು ಸರ್ಕಾರದಿಂದ ಆಗಲೇ ಇಲ್ಲ.

ಕಾರ್ಲೈಲ್ ಸಂತರೇನಲ್ಲ. ತಮಗಾಗಿ ಜೈಲು ಸೇರಿ, ಅಲ್ಲೇ ಮಗುವನ್ನೂ ಹೆತ್ತ ಜೇನ್ ಅವರಿಂದ 1830ರ ದಶಕದಲ್ಲಿ ದೂರವಾಗಿ ಎಲೈಜಾ ಶಾರ್ಪಲ್ಸ್ ಜೊತೆ ಬದುಕಿದರು. 1843ರಲ್ಲಿ ಬಡತನದಲ್ಲೇ ತೀರಿಕೊಂಡರು. ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ಕೊಟ್ಟಿದ್ದರು.

ಆ ಅಂಗಡಿ ಕೆಲಸಗಾರರ ಸಹಕಾರ ಸಂಘವಾಗಿರಲಿಲ್ಲ. ಇತಿಹಾಸ ನೆನಪಿಟ್ಟದ್ದು ಒಬ್ಬರ ಹೆಸರನ್ನೇ. ಆದರೆ ಆ ಒಬ್ಬರು ಆರು ವರ್ಷ ಅಂಗಡಿಯಲ್ಲೇ ಇರಲಿಲ್ಲ. ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದಾಗ ಲೇಖಕರು, ಸಂಪಾದಕರನ್ನಷ್ಟೇ ನೆನೆಯುವ ನಾವು ಗಲ್ಲಾದಲ್ಲಿ ಕೂತಿದ್ದವರನ್ನೂ ಲೆಕ್ಕಕ್ಕೆ ಸೇರಿಸಬೇಕು.